ಗುಲಗಂಜಿ ಹೆಚ್ಚಿದ ಬೇಸಿಗೆ

ಪೂರ್ವ ಆಫ್ರಿಕಾದ ಒಂದು ಕಾಡಿನಲ್ಲಿ ಕಾಂಗಾ ಎಂಬ ಗಿನಿಕೋಳಿ ತನ್ನ ಏಳು ಮರಿಗಳೊಂದಿಗೆ ವಾಸವಾಗಿತ್ತು. ಆ ಕಾಡಿನಲ್ಲಿ ಗುಲಗಂಜಿ ಕಾಳೇ ಹಣ. ತಿಂದರೆ ವಿಷವಾದ್ದರಿಂದ ಹೊಟ್ಟೆಬಾಕರ ಕಾಟವೂ ಇರಲಿಲ್ಲ. ಇದ್ದದ್ದು ಒಂದೇ ಬಳ್ಳಿ. ಮಳೆಗಾಲ ಮುಗಿದಾಗ ಅದರ ಕಾಳನ್ನು ಮನೆಗೆ ಹತ್ತರಂತೆ ಹಂಚುವುದು ರೂಢಿ. ಒಂದು ಗುಲಗಂಜಿ ಕೊಟ್ಟರೆ ಕಾಡುಹಂದಿ ತನ್ನ ಕಣಜದಿಂದ ಒಂದು ಸೋರೆಬುರುಡೆ ತುಂಬ ಜೋಳ ಕೊಡುತ್ತಿತ್ತು. ಹತ್ತು ಬುರುಡೆ ಜೋಳದಲ್ಲಿ ಕಾಂಗಾ ಪ್ರತಿವರ್ಷ ಬೇಸಿಗೆ ದಾಟುತ್ತಿತ್ತು.

ಆ ವರ್ಷ ಎಲ್ಲ ತಲೆಕೆಳಗಾಯಿತು. ಬೇಸಿಗೆ ಕಾಲಿಡುವಷ್ಟರಲ್ಲಿ ಬುರುಡೆಗೆ ಎರಡು ಗುಲಗಂಜಿ ಆಯಿತು. ಹದಿನೈದು ದಿನದಲ್ಲಿ ನಾಲ್ಕಾಯಿತು. ಕಾಂಗಾ ಬಳಿ ಉಳಿದದ್ದು ಮೂರೇ ಕಾಳು. ಮಳೆ ಇನ್ನೂ ದೂರವಿತ್ತು. ಮರಿಗಳು ಕೂಗುವುದನ್ನೂ ಬಿಟ್ಟು ಮಂಕಾಗಿ ಕುಳಿತಿದ್ದವು.

ಕಾಂಗಾ ಕಣಜದ ಬಳಿಗೆ ಓಡಿತು. ಅಲ್ಲಿ ಆಗಲೇ ಗುಂಪು ಸೇರಿತ್ತು. ನರಿ ಎಲ್ಲರ ಕಿವಿ ಊದುತ್ತಿತ್ತು. ಹಂದಿ ಜೋಳ ಬಚ್ಚಿಟ್ಟಿದೆ, ಇದನ್ನು ಓಡಿಸಿ ಕಣಜ ಒಡೆಯೋಣ ಎನ್ನುತ್ತಿತ್ತು. ಕಾಡೆಮ್ಮೆಗಳು ಕೊಂಬು ತಗ್ಗಿಸಿ ನಿಂತವು. ಕಾಂಗಾಗೂ ಸಿಟ್ಟು ನೆತ್ತಿಗೇರಿತ್ತು.

"ಹಂದಿಮಾವ, ನನ್ನ ಮಕ್ಕಳ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?" ಎಂದು ಕೇಳಿತು.

"ನನ್ನ ಜೋಳ ಹೋದ ವರ್ಷದಷ್ಟೇ ಇದೆ ತಾಯಿ. ಗುಲಗಂಜಿ ಮಾತ್ರ ಚೀಲಗಟ್ಟಲೆ ಬರ್ತಿದೆ. ಹಳೇ ಬೆಲೆಗೆ ಕೊಟ್ಟರೆ ಸಂಜೆಯೊಳಗೆ ಕಣಜ ಖಾಲಿ," ಎಂದಿತು ಹಂದಿ. ಬೇಕಾದರೆ ನೋಡು ಎಂದು ಗುಲಗಂಜಿಯ ಬುಟ್ಟಿಯನ್ನು ಮುಂದಕ್ಕೆ ತಳ್ಳಿತು.

ಕಾಂಗಾ ಬುಟ್ಟಿಯೊಳಗೆ ಇಣುಕಿತು. ಎಷ್ಟೋ ಕಾಳುಗಳಿಗೆ ಇನ್ನೂ ಹಸಿ ಸಿಪ್ಪೆ ಅಂಟಿತ್ತು. ಕಾಡಿನ ಬಳ್ಳಿಯೋ ಒಣಗಿ ತಿಂಗಳುಗಳಾಗಿದ್ದವು. ಈ ಹೊಸ ಕಾಳು ತಂದವರು ಯಾರು ಎಂದು ಕಾಂಗಾ ಕೇಳಿತು. ಹಂದಿ ನರಿಯ ಕಡೆ ನೋಡಿತು. ನರಿ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು.

ಗುಂಪೆಲ್ಲ ನರಿಯ ಗುಹೆಯತ್ತ ನುಗ್ಗಿತು. ಗುಹೆಯ ಹಿಂದೆ, ಕದ್ದು ಬೆಳೆಸಿದ ಗುಲಗಂಜಿ ಬಳ್ಳಿ ಸೊಂಪಾಗಿ ಹಬ್ಬಿತ್ತು. ಎಲ್ಲರೂ ಕುಡಿಯುವ ಹೊಂಡದಿಂದ ತಂದು ಸುರಿದ ನೀರು ಅದರ ಬುಡದಲ್ಲಿ ನಿಂತಿತ್ತು.

ಇನ್ನು ಗುಲಗಂಜಿ ನಡೆಯದು, ದುಡಿದವರಿಗೆ ಮಾತ್ರ ಜೋಳ ಎಂದು ಅಂದೇ ತೀರ್ಮಾನವಾಯಿತು. ಕಾಂಗಾ ತಾನು ಜೋಪಾನ ಮಾಡಿದ ಮೂರು ಕಾಳನ್ನೂ ಎಸೆಯಬೇಕಾಯಿತು. ಮೋಸ ಮಾಡಿದ್ದು ಒಬ್ಬರು, ಕಳೆದುಕೊಂಡದ್ದು ಎಲ್ಲರೂ ಎಂದು ಅದಕ್ಕೆ ಬಹಳ ಸಂಕಟವಾಯಿತು. ಮರುದಿನದಿಂದ ಅದು ಕಣಜದ ಗೆದ್ದಲು, ಹುಳು ಆರಿಸುವ ಕೆಲಸ ಹಿಡಿಯಿತು. ಸಂಜೆ ಮರಿಗಳಿಗೆ ಜೋಳ ಒಯ್ದಿತು.

ನರಿ ಮೂರು ದಿನ ಬಿಗುಮಾನದಿಂದ ಗುಹೆಯಲ್ಲೇ ಕುಳಿತಿತು. ನಾಲ್ಕನೆಯ ದಿನ ಹಸಿವು ತಾಳದೆ ಗುಲಗಂಜಿಯ ದೊಡ್ಡ ಮೂಟೆಯನ್ನು ಕಣಜಕ್ಕೆ ಎಳೆದು ತಂದಿತು. ಎಲ್ಲವನ್ನೂ ತೆಗೆದುಕೊಂಡು ಅರ್ಧ ಬುರುಡೆ ಜೋಳ ಕೊಟ್ಟರೆ ಸಾಕು ಎಂದು ಅಂಗಲಾಚಿತು.

"ಅದು ನನ್ನ ಕಣಜಕ್ಕೆ ಕಸ, ನಿನ್ನ ಹೊಟ್ಟೆಗೆ ವಿಷ. ಹೋಗಿ ನೀರು ಹೊತ್ತು ತಾ," ಎಂದಿತು ಹಂದಿ.

ಕಾಂಗಾ ಖಾಲಿ ಬುರುಡೆಯನ್ನು ಕೊಕ್ಕಿನಿಂದ ನರಿಯ ಮುಂದಕ್ಕೆ ತಳ್ಳಿತು. ನರಿ ತಲೆ ತಗ್ಗಿಸಿ ಅದನ್ನು ಕಚ್ಚಿಕೊಂಡು ಹೊಂಡದ ದಾರಿ ಹಿಡಿಯಿತು.

ನೀತಿ: ಬೆಳೆ ಹೆಚ್ಚದೆ ಹಣವಷ್ಟೇ ಹೆಚ್ಚಿದರೆ ಬಡವರ ತುತ್ತು ಕಿರಿದಾಗುತ್ತದೆ, ಮೋಸದಿಂದ ಹೆಚ್ಚಿಸಿದವರ ಹಣವೂ ಕೊನೆಗೆ ಅವರ ಹೊಟ್ಟೆ ತುಂಬಿಸುವುದಿಲ್ಲ.