ವಾಲಗದ ಅಂಕಯ್ಯ ಗಟ್ಟಿಮೇಳ ಬಿಟ್ಟ ಮದುವೆ

ಈಗಿನ ಕೆರೆಗೆ ಇನ್ನೂ ಏರಿ ಹಾಕಿರದಿದ್ದ ಕಾಲ. ಎಷ್ಟು ವರ್ಷದ ಹಿಂದೆ ಅಂತ ನನ್ನ ಕೇಳಬೇಡಿ, ನಾನು ಮಗ್ಗಿ ಕಲಿತವಳಲ್ಲ. ಕಲ್ಲುಬಾವಿ ಅನ್ನೋ ಊರಲ್ಲಿ ವಾಲಗದ ಅಂಕಯ್ಯ ಅಂತ ಒಬ್ಬನಿದ್ದನಂತೆ. ಅವನು ಗಲ್ಲ ಉಬ್ಬಿಸಿ ಊದಿದರೆ ಮರದಿಂದ ಎಳನೀರು ಉದುರುತ್ತಿತ್ತಂತೆ. ಹೊಳೆಯಾಚೆ ಎಮ್ಮೆಗಳು ಹಗ್ಗ ಕಿತ್ತುಕೊಂಡು ಓಡುತ್ತಿದ್ದವಂತೆ. ಗಟ್ಟಿಮೇಳ ಅಂದರೆ ಅಂಕಯ್ಯಂದೇ ಅಂತ ಸುತ್ತಮುತ್ತ ಹೆಸರು. ಹೆಂಡತಿ ಮಾತ್ರ ಸದಾ ತೌರಲ್ಲೇ. ಕಾರಣ ನಾನು ಹೇಳೋಲ್ಲ, ನೀವೇ ತಿಳ್ಕೊಳ್ಳಿ.

ಅದೇ ಊರಲ್ಲಿ ಹೊನ್ನಾಜಿ ಅಂತ ಒಬ್ಬ ಹುಡುಗಿ. ಚೆಂದಕ್ಕೇನೂ ಕಮ್ಮಿ ಇಲ್ಲ, ಕೆಲಸಕ್ಕೂ ಸೈ. ಆದರೆ ಅವಳಿಗೆ ಸದ್ದು ಅಂದರೆ ಆಗುತ್ತಿರಲಿಲ್ಲ. ತಟ್ಟೆ ಬಿದ್ದರೆ ಮೂಲೆ ಸೇರೋಳು. ತಮಟೆ ಬಂದರೆ ಕಣಜದ ಹಿಂದೆ ಅವಿತುಕೊಳ್ಳೋಳು. ಮೊದಲ ಮದುವೇಲಿ ಅಂಕಯ್ಯ ಗಟ್ಟಿಮೇಳ ಎತ್ತಿದ್ದೇ ತಡ, ಎರಡೂ ಕಿವಿ ಮುಚ್ಚಿಕೊಂಡು, ಬಾಸಿಂಗ ಕಟ್ಟಿದ ಹಾಗೇ ಚಪ್ಪರದಿಂದ ಓಡಿಬಿಟ್ಟಳಂತೆ. ಸಿಕ್ಕಿದ್ದೆಲ್ಲಿ? ಹುಲ್ಲಿನ ಬಣವೆಯೊಳಗೆ. ಜನ ಸುಮ್ಮನಿರ್ತಾರಾ? ಬಣವೇಲಿ ಯಾವನೋ ಕಾಯ್ತಿದ್ದ ಅಂದರಂತೆ. ಅವನು ಉಟ್ಟ ಪಂಚೆಯ ಅಂಚು ಯಾವ ಬಣ್ಣ ಅಂತ ಕೂಡ ಹೇಳಿದರಂತೆ. ಎರಡನೇ ಮದುವೇಲೂ ಅದೇ ಗಟ್ಟಿಮೇಳ, ಅದೇ ಓಟ. ಈ ಸಲ ಬಣವೇಲಿ ಇದ್ದದ್ದು ದೆವ್ವ ಅಂದರಂತೆ. ಅಂಕಯ್ಯನೋ, ನನ್ನ ಉಸಿರಿಗೆ ಮದುಮಗಳೇ ಹಾರಿಹೋದಳು ಅಂತ ಅರಳಿಕಟ್ಟೇಲಿ ಕೂತು ಜಂಬ ಕೊಚ್ಚುತ್ತಿದ್ದನಂತೆ.

ಹಂಗೂ ಹಿಂಗೂ ಇನ್ನೊಂದು ಗಂಡು ಸಿಕ್ಕಿತು. ಹೊಳೆಯಾಚೆಯ ಸಣ್ಣಯ್ಯ, ಕುರಿ ಮೇಯಿಸೋನು, ಮೆತ್ತಗಿನ ಮಾತಿನವನು. ಹೊನ್ನಾಜಿಗೂ ಅವನ ಮೇಲೆ ಮನಸ್ಸು. ಹೊಳೆ ದಂಡೇಲಿ ಇಬ್ಬರೂ ನಗಾಡಿದ್ದನ್ನ ಕಂಡವರಿದ್ದಾರೆ, ಅದು ಬೇರೆ ಕಥೆ ಬಿಡಿ. ಇದೂ ಮುರಿದರೆ ಹಲ್ಲುದುರಿದ ಒಬ್ಬ ಮುದುಕನಿಗೆ ಎರಡನೇ ಹೆಂಡತಿಯಾಗಿ ಕಳಿಸೋದು ಅಂತ ಅವಳ ದೊಡ್ಡಪ್ಪ ಮಾತು ಕೊಟ್ಟುಬಿಟ್ಟಿದ್ದನಂತೆ.

ಹೊನ್ನಾಜಿಯ ಅಜ್ಜಿ ದ್ಯಾವೀರಮ್ಮ ನೆಟ್ಟಗೆ ಅಂಕಯ್ಯನ ಬಾಗಿಲಿಗೆ ಹೋದಳಂತೆ. "ಏನ್ಲಾ ಅಂಕ, ನನ್ನ ಮೊಮ್ಮಗಳ ಎರಡು ಮದುವೆ ಊದಿ ಆರಿಸಿದೆಯಲ್ಲ, ಇದನ್ನೂ ಆರಿಸ್ತೀಯೇನ್ಲಾ? ಬಣವೇಲಿ ಗಂಡಸೂ ಇರಲಿಲ್ಲ, ದೆವ್ವಾನೂ ಇರಲಿಲ್ಲ. ನಿನ್ನ ಹಾಳು ವಾಲಗಕ್ಕೆ ಹೆದರಿ ಮಗು ಓಡಿದ್ದು!" ಅಷ್ಟು ಹೆಸರು ಮಾಡಿದ ಮನುಷ್ಯನ ಮುಖ ಸುಟ್ಟ ಬದನೆಕಾಯಿ ಆಯಿತಂತೆ.

ಮಾರನೇ ದಿನ ಅಂಕಯ್ಯ ವಾಲಗ ಹಿಡಿದು ಅವರ ಮನೆ ಜಗಲಿ ಮೇಲೆ ಬಂದು ಕೂತ. ಹೊನ್ನಾಜಿ ಬಾಗಿಲ ಹಿಂದೆ. ಏನಾಗುತ್ತೆ ಮಗಾ ನಿನಗೆ ಅಂತ ಕೇಳಿದನಂತೆ. ಅಲ್ಲಿವರೆಗೂ ಅವಳನ್ನ ಯಾರೂ ಹಾಗೆ ಕೇಳಿರಲಿಲ್ಲ, ಬೈದಿದ್ದರು ಅಷ್ಟೆ. ಕಿವಿಗೆ ಕಾದ ಎಣ್ಣೆ ಸುರಿದ ಹಾಗಾಗುತ್ತೆ ಅಂದಳಂತೆ. ಸರಿ, ಆಗೋದಾದರೆ ಅಂಗೈ ತೋರಿಸು, ಆಗದಿದ್ದರೆ ಮುಷ್ಟಿ ತೋರಿಸು ಅಂದ. ವಾಲಗದ ಬಾಯಿಗೆ ಹಳೇ ಬಟ್ಟೆ ತುರುಕಿ ಊದಿದ. ಮುಷ್ಟಿ. ಇನ್ನಷ್ಟು ತುರುಕಿ ದೇವರ ಪದ ಊದಿದ. ಮುಷ್ಟಿ. ಕುಣಿತದ ಪದ, ಅದಕ್ಕೂ ಮುಷ್ಟಿ. ತಾನು ಕಲಿತದ್ದನ್ನೆಲ್ಲ ಒಂದೊಂದಾಗಿ ಬಿಸಾಡುತ್ತಾ ಹೋದನಂತೆ. ಕೊನೆಗೆ ಅವಳೇ ಹೇಳಿದಳಂತೆ: ಸಣ್ಣಗಾದರೆ ಸಾಲದು ಮಾವ, ತಟಕ್ಕನೆ ಬರಬಾರದು. ಎಲ್ಲಿ ಏರುತ್ತೆ ಅಂತ ಮೊದಲೇ ಗೊತ್ತಿದ್ದರೆ ಕಿವಿ ಬೆಚ್ಚೋಲ್ಲ.

ಆಗ ಅಂಕಯ್ಯನಿಗೆ ರಾಗಿ ಬೀಸೋ ಪದ ನೆನಪಾಯಿತಂತೆ. ಬೀಸುಕಲ್ಲಿನ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ ಬರೋ ಪದ, ಹೆಂಗಸರ ಪದ. ಅಷ್ಟು ದೊಡ್ಡ ವಾಲಗದವನು ಅದನ್ನ ಊದೋದು ಅಂದರೆ ಮಾನ ಹೋದ ಹಾಗೆ. ಊದಿದ. ಬಾಗಿಲ ಸಂದಿಯಿಂದ ಅಂಗೈ ಬಂತಂತೆ.

ಗಟ್ಟಿಮೇಳದ ಬದಲು ಬೀಸೋ ಪದವಂತೆ ಅನ್ನೋ ಸುದ್ದಿ ಹೊಳೆ ದಾಟಿತು. ಸಣ್ಣಯ್ಯನ ಸೋದರತ್ತೆ ಬೈರಾಜಿ ಕುಣಿದಾಡಿದಳು. ಮೂಗಿನ ತುಂಬ ನಶ್ಯ, ಬಾಯಿ ತುಂಬ ಬೈಗುಳ, ಅಂಥ ಹೆಂಗಸು. ತಾಳಿ ಕಟ್ಟುವಾಗ ಗಟ್ಟಿಮೇಳ ಇಲ್ಲ ಅಂದ್ರೆ ಹೆಂಗೆ, ಆಗ ಒಂದು ಅಪಶಕುನದ ಸೀನು ಕಿವಿಗೆ ಬಿದ್ದರೂ ಮದುವೆ ಅಲ್ಲಿಗೇ ನಿಲ್ಲಿಸ್ತೀನಿ ಅಂದಳಂತೆ.

ಅಂಕಯ್ಯ ಅವಳ ಮುಂದೆ ಹೋಗಿ ನಿಂತ. "ಗಟ್ಟಿಮೇಳ ಇರೋದೇ ಸೀನು ಕೇಳಿಸದಿರಲಿ ಅಂತ ತಾನೆ ಬೈರಾಜವ್ವ? ಸೀನೇ ಇಲ್ಲದಿದ್ದರೆ ಮೇಳ ಯಾತಕ್ಕೆ? ನಮ್ಮೂರವರ ಬಾಯಿ ನಾನು ಕಟ್ಟಿಸ್ತೀನಿ. ನಿನ್ನ ಮೂಗು ನೀನು ನೋಡ್ಕೊ."

ಮದುವೆ ದಿನ ಇಡೀ ಕಲ್ಲುಬಾವಿ ಉಸಿರು ಬಿಗಿಹಿಡಿದಿತ್ತಂತೆ. ಹಸುಗೂಸುಗಳನ್ನ ಹುಣಸೆ ತೋಪಿಗೆ ಎತ್ತಿಕೊಂಡು ಹೋದರಂತೆ. ಹೆಂಗಸರು ಬಳೆಗಳನ್ನ ಮೊಣಕೈವರೆಗೆ ಏರಿಸಿ ಸೆರಗು ಸುತ್ತಿಕೊಂಡರಂತೆ. ಕೆಮ್ಮೋ ಮುದುಕರು ತಾವಾಗಿಯೇ ಎದ್ದು ಆಚೆ ಹೋದರಂತೆ. ನನ್ನ ಮುತ್ತಜ್ಜಿಯ ಅಜ್ಜಿ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳಂತೆ. ನಮ್ಮ ವಂಶದ ಹೆಂಗಸೊಬ್ಬಳು ಬಾಯಿ ಮುಚ್ಚಿದ್ದು ಅದೊಂದೇ ಸಲ.

ಅಂಕಯ್ಯ ಬೀಸೋ ಪದ ಎತ್ತಿದ. ಮೆಲ್ಲಗೆ, ಸುತ್ತಿ ಸುತ್ತಿ. ಸಣ್ಣಯ್ಯ ತಾಳಿ ಹಿಡಿದು ಬಗ್ಗಿದ. ಹೊನ್ನಾಜಿಯ ಎರಡೂ ಕೈ ಕಿವಿಯ ಹತ್ತಿರ ಹೋಯಿತಂತೆ. ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಇಳಿಯಿತು. ಅಷ್ಟರಲ್ಲಿ ಒಂದು ಸಣ್ಣ ದನಿ ಕೇಳಿಸಿತಂತೆ. ಯಾರಪ್ಪಾ ಅಂತ ನೋಡಿದರೆ ಮದುಮಗಳೇ! ವಾಲಗದ ಜೊತೆ ಗುನುಗುತ್ತಿದ್ದಾಳೆ! ತಾಳಿ ಕಟ್ಟಿಸಿಕೊಳ್ಳುವಾಗ ಹೆಣ್ಣು ಹಾಡೋದಾ? ಎಂಥಾ ನಾಚಿಕೆಗೇಡು! ಇವತ್ತಿಗೂ ಆಡಿಕೊಳ್ಳೋರಿದ್ದಾರೆ, ಅವರಲ್ಲಿ ನಾನೂ ಒಬ್ಬಳು.

ಬೈರಾಜಿ ಎದ್ದು ನಿಂತಳು. ನಿಲ್ಲಿಸಿ ಅನ್ನಬೇಕು, ಬಾಯಿ ತೆರೆದರೆ ತಾನೆ? ಬೆಳಗಿಂದ ಏರಿಸಿದ್ದ ನಶ್ಯ ಒಳಗೆ ಕೆರಳಿತ್ತು, ಸೀನಿದರೆ ಅಪಶಕುನ ಮಾಡಿದ ಹೆಸರು ತನಗೇ ಬರುತ್ತಲ್ಲ. ಎರಡೂ ಕೈಯಲ್ಲಿ ಮೂಗು ಅದುಮಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ಕಾಲು ಕಾಲು ಬಡಿದಳಂತೆ. ಮೂರು ಗಂಟೂ ಬಿತ್ತು, ಅಕ್ಷತೆಯೂ ಬಿತ್ತು. ಆಮೇಲೆ ಬಂತು ನೋಡಿ ಆ ಸೀನು! ಪಕ್ಕದೂರಲ್ಲಿ ದೀಪ ಆರಿತಂತೆ. ಹೊನ್ನಾಜಿ ಕಿವಿ ಮುಚ್ಚಿಕೊಂಡಳು, ಆದರೆ ಓಡಲಿಲ್ಲ. ಸಣ್ಣಯ್ಯನ ಹೆಗಲಿಗೆ ಮುಖ ಒತ್ತಿ ನಕ್ಕಳಂತೆ. ಜನರ ಎದುರಿಗೇ!

ಅಂಕಯ್ಯ ಹೋಗಿ ಎಷ್ಟೋ ಕಾಲವಾಯಿತು. ಈಗಲೂ ಆ ಕಡೆಯ ವಾಲಗದವರು ಮದುವೆಯ ಹಿಂದಿನ ದಿನ ಮನೆಗೆ ಬಂದು, ಯಾರಿಗೆ ಸದ್ದು ನೋಯುತ್ತೆ ಅಂತ ಕೇಳುತ್ತಾರೆ. ಯಾರಿಗೂ ಇಲ್ಲ ಅಂದರೂ ಎದ್ದು ಹೋಗೋಲ್ಲ, ಸ್ವಲ್ಪ ಹೊತ್ತು ಕಾಯುತ್ತಾರೆ. ಹೇಳೋಕೆ ನಾಚಿಕೊಳ್ಳೋರು ಇರ್ತಾರಲ್ಲ. ಹೋದ ವರ್ಷ ಹಾಗೇ ಕಾಯುತ್ತಾ ಕೂತಿದ್ದಾಗ, ಆಳೆತ್ತರದ ಮದುಮಗನೇ ಕಂಬದ ಮರೆಯಿಂದ, "ನನಗೆ" ಅಂದ. ಯಾರೂ ನಗಲಿಲ್ಲ. ವಾಲಗದವನು ಪಕ್ಕಕ್ಕೆ ಸರಿದು ಚಾಪೇಲಿ ಜಾಗ ಬಿಟ್ಟ.