ಬಿಲದ ಬಾಯಿಗೆ ಕೂತ ಕೋರಯ್ಯ

ಮಕ್ಕಳೇ, ಇದು ಮನುಷ್ಯರು ಇನ್ನೂ ಹುಟ್ಟಿರದ ಕಾಲದ ಕತೆ. ಆಗ ಗಿಡಗಳಲ್ಲಿ ಹೂವೂ ಇರಲಿಲ್ಲ. ಎಲ್ಲಿ ನೋಡಿದರೂ ಎತ್ತರದ ಜರಿಗಿಡಗಳು. ಅವುಗಳ ನಡುವೆ ಹಲ್ಲಿಯಂಥ ದೊಡ್ಡ ದೊಡ್ಡ ಪ್ರಾಣಿಗಳ ಓಡಾಟ.

ಅಂಥ ಕಾಡಿನ ಒಂದು ಹೊಂಡದ ದಂಡೆಯಲ್ಲಿ ಗುಂಜಿ ಎಂಬ ಪುಟಾಣಿ ಪ್ರಾಣಿ ಬಿಲ ತೋಡಿಕೊಂಡು ವಾಸವಾಗಿದ್ದಳು. ನೋಡಲು ಸುಂಡಿಲಿಯ ಹಾಗೆ, ನಿಮ್ಮ ಹೆಬ್ಬೆರಳಿಗಿಂತ ತುಸು ಉದ್ದ. ಚೂಪು ಮೂತಿ, ಮೈತುಂಬ ಮೆತ್ತನೆಯ ತುಪ್ಪಳ. ಇಂದಿನ ಇಲಿ, ಹಸು, ಆನೆಗಳಿಗೆಲ್ಲ ಅವಳ ಕುಲದವರು ದೂರದ ನೆಂಟರು. ಅವಳು ಮೊಟ್ಟೆ ಇಡುತ್ತಿದ್ದಳು, ಮರಿಗಳಿಗೆ ಹಾಲೂ ಕೊಡುತ್ತಿದ್ದಳು. ಮೊನ್ನೆಯಷ್ಟೇ ಮೊಟ್ಟೆ ಒಡೆದು, ಕಣ್ಣು ಬಿಡದ ಮರಿಗಳು ಹೊರಬಂದಿದ್ದವು.

ಒಂದು ಬೆಳಿಗ್ಗೆ ಗುಂಜಿ ಜೀರುಂಡೆ ಕಚ್ಚಿಕೊಂಡು ಬರುವಾಗ ಕೋರಯ್ಯ ಅಡ್ಡ ಬಂದ. ಕೋರಯ್ಯನದು ಉಡದಂಥ ಮೈ, ಬಾಯಿಂದ ಹೊರಗಿಣುಕುವ ಹಲ್ಲು. ಅವನು ಬಾಯಿ ಹಾಕುವಷ್ಟರಲ್ಲಿ ಗುಂಜಿ ಅವನ ಕಾಲ ಸಂದಿಯಿಂದ ನುಸುಳಿ ಬಿಲ ಸೇರಿದಳು. ಹೊಂಡದಲ್ಲಿದ್ದ ಕಪ್ಪೆ ತೊಪ್ಪಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಆ ನಗು ಕೋರಯ್ಯನನ್ನು ಚುಚ್ಚಿತು. ಅವನು ಬಿಲದ ಬಾಯಿಗೆ ಎದೆಯಿಟ್ಟು ಕೂತುಬಿಟ್ಟ.

"ಕೋರಯ್ಯಣ್ಣ, ನಾನು ನಿನಗೆ ಒಂದು ತುತ್ತಿಗೂ ಸಾಲೋದಿಲ್ಲ. ಒಳಗೆ ಹಸುಗೂಸುಗಳಿವೆ, ಬಿಟ್ಟುಬಿಡು" ಎಂದಳು ಗುಂಜಿ.

"ತುತ್ತಿನ ಮಾತಲ್ಲ ಇದು. ನನ್ನನ್ನು ನಗೆಪಾಟಲು ಮಾಡಿದೆ. ನೀನು ಹೊರಗೆ ಬರೋ ತನಕ ನಾನು ಏಳೋದಿಲ್ಲ!"

ಗುಂಜಿ ಯೋಚಿಸಿದಳು. ತಾನು ತಿನ್ನದಿದ್ದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ಮರಿಗಳಿಲ್ಲ. ಇದ್ದದ್ದು ಅದೊಂದೇ ಬಾಗಿಲು. ಮರಿಗಳನ್ನು ಒಮ್ಮೆ ನೆಕ್ಕಿ, ಬಿಲದ ಹಿಂಗೋಡೆಗೆ ಉಗುರು ಹಾಕಿದಳು.

ಮಣ್ಣು ಗಟ್ಟಿಯಾಗಿತ್ತು. ಕೆರೆದಳು. ಬೇರು ಅಡ್ಡ ಬಂತು. ಹಲ್ಲಿನಿಂದ ಕಡಿದಳು. ಕಲ್ಲು ಸಿಕ್ಕಿತು. ಅದನ್ನು ಬಳಸಿ ಪಕ್ಕಕ್ಕೆ ತೋಡಿದಳು. ಒಂದು ಉಗುರು ಮುರಿದು ರಕ್ತ ಬಂತು. ಮಣ್ಣಲ್ಲಿ ಒಂದು ಎರೆಹುಳು ಸಿಕ್ಕಾಗ ಗಬಗಬನೆ ತಿಂದು, ಹಿಂದಕ್ಕೆ ಓಡಿ ಮರಿಗಳಿಗೆ ಹಾಲು ಕೊಟ್ಟು, ಮತ್ತೆ ಬಂದು ತೋಡಿದಳು.

ಮಧ್ಯಾಹ್ನ ಮೋಡ ಕವಿದು ಥಂಡಿ ಗಾಳಿ ಬೀಸಿತು.

"ಕೋರಯ್ಯ ಮಾವ, ಮಳೆ ಬರ್ತಿದೆ. ಬಂಡೆ ಇನ್ನೂ ಬೆಚ್ಚಗಿದೆ, ಹೋಗಿ ಮಲಗು. ಮೈ ತಣ್ಣಗಾದರೆ ನಿನಗೆ ಕಾಲು ಏಳೋದಿಲ್ಲ" ಎಂದ ತೊಪ್ಪಣ್ಣ.

"ಈ ತುಪ್ಪಳದುಂಡೆಗೆ ಸೋತು ಎದ್ದು ಹೋಗಲೇನು? ನೀನು ಮತ್ತೆ ನಗೋದಕ್ಕಾ?"

ಮಳೆ ಸುರಿಯಿತು. ದಂಡೆಯಿಂದ ನೀರು ಬಿಲದ ಕಡೆಗೆ ಹರಿದು ಬಂತು. ಆದರೆ ಬಾಯಿಗೆ ಕೋರಯ್ಯನೇ ಬಿರಡೆಯಂತೆ ಕೂತಿದ್ದನಲ್ಲ, ಒಳಗೆ ಹನಿಯೂ ಇಳಿಯಲಿಲ್ಲ. ನೀರೆಲ್ಲ ಅವನ ಬೆನ್ನ ಮೇಲೆಯೇ ಹರಿಯಿತು. ಮೊದಲು ಬಾಲ ಮರಗಟ್ಟಿತು, ಆಮೇಲೆ ಕಾಲು.

ಅಷ್ಟರಲ್ಲಿ ಮೇಲುದಂಡೆಯ ಜರಿಗಿಡದ ಬುಡದಲ್ಲಿ ಮಣ್ಣು ಅಲುಗಿತು. ಕೆಸರು ಮೆತ್ತಿದ ಪುಟ್ಟ ಮೂತಿಯೊಂದು ಹೊರಬಂತು!

ಗುಂಜಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು, ಬಿದ್ದ ಮರದ ಒಣ ಪೊಟರೆಗೆ ಸಾಗಿಸಿದಳು. ಕೋರಯ್ಯ ಎಲ್ಲವನ್ನೂ ಕಣ್ಣಾರೆ ಕಂಡ. ಏಳಲು ನೋಡಿದ, ಕಾಲು ಬರಲಿಲ್ಲ. ಹೊಂಡ ತುಂಬಿ ಕೋಡಿ ಬಿದ್ದಾಗ ನೀರು ಅವನನ್ನು ಮರದ ದಿಮ್ಮಿಯಂತೆ ಉರುಳಿಸಿಕೊಂಡು ಹೋಯಿತು. ಆ ದಂಡೆಯಲ್ಲಿ ಅವನನ್ನು ಮತ್ತೆ ಯಾರೂ ಕಾಣಲಿಲ್ಲ.

ಮಳೆ ನಿಂತ ಮೇಲೆ ತೊಪ್ಪಣ್ಣ ಕುಪ್ಪಳಿಸುತ್ತ ಪೊಟರೆಯ ಬಳಿಗೆ ಬಂದ. ತಾಯಿಯ ತುಪ್ಪಳದಲ್ಲಿ ಮರಿಗಳು ಬೆಚ್ಚಗೆ ಹಾಲು ಕುಡಿಯುತ್ತಿದ್ದವು.

"ಗುಂಜಕ್ಕ, ನಿನಗೆ ಭಯ ಆಗಲಿಲ್ವಾ?"

"ಆಗದೆ ಇರುತ್ತಾ ತೊಪ್ಪಣ್ಣ? ಭಯಪಟ್ಟುಕೊಂಡೇ ತೋಡಿದೆ" ಎಂದು ಗುಂಜಿ ಮುರಿದ ಉಗುರನ್ನು ನೆಕ್ಕಿಕೊಂಡಳು.

ನೀತಿ: ಜಂಬಕ್ಕಾಗಿ ಹಿಡಿದ ಹಟ ಹಿಡಿದವನನ್ನೇ ಮುಳುಗಿಸುತ್ತದೆ, ತನ್ನನ್ನು ನೆಚ್ಚಿದ ಜೀವಗಳಿಗಾಗಿ ಬಿಡದೆ ದುಡಿದರೆ ದಾರಿ ತೆರೆಯುತ್ತದೆ.