ಒಂದು ಮೊರ ತೌಡಿನ ಹೆಸರು

ಪರಮಪೂಜ್ಯ ಮುಪ್ಪಿನಯ್ಯ ಅಪ್ಪಗಳು ಡೋಣಿ ನದಿಯ ದಂಡೆಯ ಕರಿಬಂಟನಾಳದಲ್ಲಿ ನೆಲೆಸಿದ್ದ ಕಾಲಕ್ಕೆ ಅವರ ಮಠವೆಂದರೆ ಎರಡಂಕಣದ ಮಣ್ಣಿನ ಮನೆ, ಪಕ್ಕದಲ್ಲೊಂದು ದನದ ಕೊಟ್ಟಿಗೆ, ಅಷ್ಟೇ. ಪೀಠವಿಲ್ಲ, ಪಲ್ಲಕ್ಕಿಯಿಲ್ಲ. ಅಪ್ಪಗಳು ಹಗಲೆಲ್ಲ ಕೊಟ್ಟಿಗೆಯಲ್ಲೇ ಇರುತ್ತಿದ್ದರು. ದರ್ಶನಕ್ಕೆ ಬಂದವರು ಸೆಗಣಿ ದಾಟಿಯೇ ಹೋಗಬೇಕು. ಬಿಳಿ ಧೋತರದವರಿಗೆ ಅದು ಸಣ್ಣ ಪರೀಕ್ಷೆಯಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಅಂಥ ಬಿಳಿ ಧೋತರದವರೊಬ್ಬರು ಬಂದರು. ವಿಶ್ವಭೂಷಣ ಮಾಸ್ತರರು ದೊಡ್ಡ ಶಾಲೆಯ ಮುಖ್ಯಾಧ್ಯಾಪಕರು. ಜನರ ಹೆಸರು, ಅಡ್ಡಹೆಸರುಗಳ ಮೂಲ ಹುಡುಕುವುದರಲ್ಲಿ ಆ ಸೀಮೆಗೇ ಪಂಡಿತರು. ಬೆಲ್ಲ ಮಾರಿದವರು ಬೆಲ್ಲದ ಆದರು, ಎಂದೋ ಯಾರೋ ಮುತ್ತಜ್ಜ ಮಂಗ ಸಾಕಿದ್ದಕ್ಕೆ ಇಡೀ ವಂಶವೇ ಮಂಗನವರಾಯಿತು ಎಂದು ಅವರು ಬಿಡಿಸಿ ಹೇಳುತ್ತಿದ್ದರೆ ಸಭೆ ನಕ್ಕು ನಕ್ಕು ಸುಸ್ತಾಗುತ್ತಿತ್ತು. ಆ ವಿದ್ಯೆಯಿಂದ ಅವರಿಗೆ ತುಸು ಕೊಂಬೂ ಬಂದಿತ್ತೆನ್ನಿ. ನಾಮಸ್ಮರಣೆಯೊಂದೇ ಸಾಕೆಂದು ಅಪ್ಪಗಳು ಬೋಧಿಸುತ್ತಾರೆಂದು ಕೇಳಿ ಅವರಿಗೆ ತಡೆಯಲಾಗಲಿಲ್ಲ.

"ಅಪ್ಪಾರ, ಹೆಸರಂದ್ರ ಡಬ್ಬಿ ಮ್ಯಾಲಿನ ಚೀಟಿ ಇದ್ಧಂಗ. ಕಿತ್ತು ಇನ್ನೊಂದು ಹಚ್ಚಬಹುದು. ಅದನ್ನ ಸಾವಿರ ಸಲ ಅಂದ್ರ ಏನ್ ಬಂತ್ರಿ?"

ಅಪ್ಪಗಳು ಎಮ್ಮೆಯ ಮೈ ಉಜ್ಜುತ್ತಲೇ ಕೇಳಿದರು. "ನಿಮಗ ಹೆಸರಿಟ್ಟವರು ಯಾರು?"

"ನಾನ ಇಟ್ಕೊಂಡೀನ್ರಿ," ಎಂದರು ಮಾಸ್ತರರು, ಹೆಮ್ಮೆಯಿಂದಲೇ.

"ಮೊದಲಿನ ಹೆಸರಿಲೆ ಕರಿಯೋರು ಯಾರರ ಅದಾರೇನು?"

ಎಂಥ ಸಭೆಯಲ್ಲೂ ತಡವರಿಸದ ಮಾಸ್ತರರು ತಡವರಿಸುತ್ತ, ಹನ್ನೊಂದು ವರ್ಷ ಯಾರಿಗೂ ಹೇಳದ ಮಾತನ್ನು ಹೇಳತೊಡಗಿದರು.

ಅವರಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ತೊಟ್ಟಿಲು ಕಾಣುವ ಮೊದಲೇ ಹೋಗಿದ್ದವು. ನಾಲ್ಕನೆಯದು ಹುಟ್ಟಿದಾಗ ತಾಯಿ ಹಳೆಯ ಪದ್ಧತಿಯಂತೆ ಕೂಸನ್ನು ಮೊರದಲ್ಲಿ ಮಲಗಿಸಿ, ಹತ್ತಿ ಹಿಂಜಲು ಬರುತ್ತಿದ್ದ ಪಿಂಜಾರರ ಮಾಬೂಬಿಯ ಉಡಿಗೆ ಹಾಕಿದಳು. "ಇದು ನಿಂದವ್ವಾ, ನಂದಲ್ಲ" ಎಂದಳು. ಮಾಬೂಬಿ ಒಂದು ಹಗಲು ತನ್ನ ಮೊಲೆಯುಣಿಸಿ ಇಟ್ಟುಕೊಂಡಳು. ಸಂಜೆಗೆ ತಾಯಿ ಒಂದು ಮೊರ ತೌಡು ಕೊಟ್ಟು ಕೂಸನ್ನು ಕೊಂಡು ತಂದಳು. ತೌಡಿನ ಬೆಲೆಯ ಕೂಸಿಗೆ ಸಾವು ಯಾಕೆ ಕಣ್ಣು ಹಾಕೀತು? ತೌಡಪ್ಪ ಎಂದು ಹೆಸರಿಟ್ಟವಳೂ ಮಾಬೂಬಿಯೇ. ಅಂದಿನಿಂದ ಪ್ರತಿ ನಾಗರ ಪಂಚಮಿಗೆ ಆಕೆ ಸೆರಗಿನಲ್ಲಿ ಉಂಡಿ ಕಟ್ಟಿಕೊಂಡು ಬಂದು, ಬಾಗಿಲಲ್ಲಿ ನಿಂತು ಆ ಹೆಸರು ಹಿಡಿದು ಕೂಗುವಳು. ಒಂದು ವರ್ಷವೂ ತಪ್ಪಿಸಿದವಳಲ್ಲ.

ಓದು ಮುಗಿದು ನೌಕರಿ ಸಿಕ್ಕಮೇಲೆ ತೌಡಪ್ಪ ವಿಶ್ವಭೂಷಣರಾದರು. ಹೊಸ ಮನೆ ಕಟ್ಟಿಸಿ ಪಂಚಮಿಯ ದಿನವೇ ಪ್ರವೇಶ ಇಟ್ಟುಕೊಂಡರು. ಪಡಸಾಲೆಯ ತುಂಬ ದೊಡ್ಡ ಮನುಷ್ಯರು ಕುಳಿತಿದ್ದಾಗ ಹೊರಗಿನಿಂದ ಕೂಗು ಕೇಳಿತು. "ಏ ತೌಡಪ್ಪಾ! ಬಾರೋ ಹೊರಗ!" ಯಾರೋ ಕಿಸಕ್ಕೆಂದರು. ಮಾಸ್ತರರು ಬಾಗಿಲಿಗೆ ಬಂದು, ಭಿಕ್ಷೆಯವರಿಗೆ ಹೇಳುವ ದನಿಯಲ್ಲಿ ಹೇಳಿದರು. "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ. ಮುಂದಿನ ಮನಿಗೆ ಹೋಗು." ಆಕೆ ಅವರ ಮುಖವನ್ನೇ ನೋಡಿದಳು. "ತಪ್ಪಾತ್ರಿ" ಎಂದು ಹೊರಟುಹೋದಳು.

"ಮತ್ತ ಬರಲಿಲ್ಲ ಅಪ್ಪಾರ. ನಾನೂ ಹೋಗಲಿಲ್ಲ," ಎನ್ನುವಷ್ಟರಲ್ಲಿ ಮಾಸ್ತರರು ಬಿಕ್ಕುತ್ತಿದ್ದರು.

ಅಪ್ಪಗಳು ಕೈ ತೊಳೆದುಕೊಂಡು ಎದುರಿಗೆ ಬಂದು ನಿಂತರು. "ಇವತ್ತ ಹೋಗ್ರಿ. ಆಕಿ ಏನಂತ ಕರೀತಾಳೋ, ಅದಕ್ಕ ಓ ಅನ್ರಿ," ಎಂದು ಅಪ್ಪಣೆ ಕೊಡಿಸಿದರು.

ಮಾಸ್ತರರು ದಾರಿಯುದ್ದಕ್ಕೂ ಲೆಕ್ಕ ಹಾಕಿದರು. ಬೈಯುತ್ತಾಳೆ, ಬೈಯಲಿ. ಅಳುತ್ತಾಳೆ, ಕಾಲು ಹಿಡಿಯುತ್ತೇನೆ. ಕಡೆಗೆ ತೌಡಪ್ಪಾ ಎನ್ನದೆ ಇರುತ್ತಾಳೆಯೆ?

ಮಾಬೂಬಿಗೆ ಎಂಬತ್ತರ ಹತ್ತಿರ ವಯಸ್ಸಾಗಿತ್ತು. ಅವರನ್ನು ಕಂಡದ್ದೇ ಗೋಡೆ ಹಿಡಿದು ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಕೌದಿ ಹಾಸಿದಳು. "ಬರ್ರಿ ವಿಶ್ವಭೂಷಣ ಮಾಸ್ತರ್ರ, ಕುಂಡ್ರ್ರಿ," ಎಂದಳು. ಒಂದಕ್ಷರವೂ ತೊದಲಲಿಲ್ಲ.

ಮಾಸ್ತರರು ಆಕೆಯ ಕಾಲಿಗೆ ಬಿದ್ದರು. "ಯವ್ವಾ, ನಾ ತೌಡಪ್ಪ. ಆ ಹೆಸರಿಲೆ ಕರಿಯವ್ವಾ, ಒಂದ ಸಲ."

ಆಕೆಯ ಮುಖದಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮಾಸ್ತರರು ಮುಂದೆ ಎಷ್ಟೋ ಸಲ ಹೇಳಿದ್ದುಂಟು.

"ಕೂಸು ಉಳೀಲಿ ಅಂತ ಇಟ್ಟ ಹೆಸರ್ರೀ ಅದು. ಉಳೀತು, ದೊಡ್ಡ ಮನಷ್ಯಾ ಆತು. ಇನ್ನ್ಯಾಕ ಬೇಕು? ನಿಮ್ಮ ಹೊಸಾ ಹೆಸರು ನನ್ನ ನಾಲಿಗಿಗೆ ಹೊಳ್ಳತಿದ್ದಿಲ್ಲ. ಹತ್ತಿ ಹಿಂಜುವಾಗ ದಿನಾ ಅಂದು ಅಂದು ಕಲತೀನಿ. ಎಲ್ಲೆರ ಹಾದ್ಯಾಗ ಸಿಕ್ರ, ಮಂದ್ಯಾಗ ನಿಮ್ಮ ಮಾನ ಮತ್ತ ಹೋಗಬಾರದು ನೋಡ್ರಿ."

ಹನ್ನೊಂದು ವರ್ಷ ಆ ಮುದುಕಿ ಅವರ ಹೆಸರನ್ನು ಜಪಿಸಿದ್ದಳು! ಮಾಸ್ತರರು ಎಷ್ಟು ಬೇಡಿಕೊಂಡರೂ ಹಳೆಯ ಹೆಸರು ಆಕೆಯ ಬಾಯಿಂದ ಬರಲಿಲ್ಲ. ಆಕೆ ಹಟ ಮಾಡಿದ್ದಲ್ಲ. ಅವರಿಗೆ ಒಳ್ಳೆಯದಾಗಲೆಂದು ಬಿಟ್ಟದ್ದನ್ನು ಮತ್ತೆ ಹಿಡಿಯಲು ಆಕೆಗೆ ಮನಸ್ಸಾಗಲಿಲ್ಲ. ನೀರಿನ ತಂಬಿಗೆ ಮುಂದಿಟ್ಟು, "ಕುಡೀರಿ, ವಿಶ್ವಭೂಷಣ ಮಾಸ್ತರ್ರ," ಎಂದಳು. ಆಗ ಅವರಿಗೆ ಅಪ್ಪಗಳ ಅಪ್ಪಣೆಯ ಭಾರ ತಿಳಿಯಿತು. ಕೈ ಮುಗಿದು ಎದ್ದು ನಿಂತು, "ಓ ಯವ್ವಾ," ಎಂದರು.

ಆಮೇಲೆ ನಾಮದ ವಿಷಯದಲ್ಲಿ ಅವರು ಯಾರೊಡನೆಯೂ ವಾದಕ್ಕಿಳಿಯಲಿಲ್ಲ. ಊರವರಿಗೆಲ್ಲ ಹೇಳಿ ಹೇಳಿ ತಮ್ಮನ್ನು ತೌಡಪ್ಪ ಎಂದೇ ಕರೆಸಿಕೊಂಡರು. ಶಾಲೆಯ ಮಕ್ಕಳೂ ತೌಡಪ್ಪ ಮಾಸ್ತರ ಎನ್ನುವಂತಾಯಿತು. ಮಾಬೂಬಿ ಮತ್ತೆ ಮೂರು ಪಂಚಮಿ ಕಂಡಳು. ಮೂರಕ್ಕೂ ಮಾಸ್ತರರೇ ಉಂಡಿ ಕಟ್ಟಿಸಿಕೊಂಡು ಆಕೆಯ ಬಾಗಿಲಿಗೆ ಹೋದರು. ಊರೆಲ್ಲ ತೌಡಪ್ಪ ಎಂದರೂ ಆಕೆಯೊಬ್ಬಳು ಆ ಉದ್ದನೆಯ ಹೆಸರನ್ನೇ ಜೋಪಾನವಾಗಿ ಉಚ್ಚರಿಸುತ್ತಿದ್ದಳು. ಗುರುವಾಕ್ಯ ಮೀರದ ಮಾಸ್ತರರು ಪ್ರತಿ ಸಲವೂ ಕೈ ಮುಗಿದು ಎದ್ದು ನಿಂತು ಓ ಎನ್ನುತ್ತಿದ್ದರು.